ಮೂರನೆಯ ಬೊಡ್ಚಿ

ತುಳುವಿನಲ್ಲಿ ‘ಬೊಡ್ಚಿ’ ಅಂದರೆ ಬೇಡ. ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಬರುವ ಮಾತುಗಳನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇನೆ, ಈ ಒಂದು ಶಬ್ದವನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಇದರ ಅರ್ಥ ‘ಬೇಡ’, ಅಷ್ಟೇ, ಎಂದು ತಿಳಿದದ್ದೇ ನಾನು ಬಹಳ ವರ್ಷ ಮಾಡಿದ ತಪ್ಪು.

ನಮ್ಮ ಕಡೆ ಊಟಕ್ಕೆ ಕುಳಿತವರು ಮೊದಲ ಸಲ ಬೊಡ್ಚಿ ಅಂದರೆ ಅದು ಮರ್ಯಾದೆಗೆ. ಎರಡನೆಯ ಸಲ ಅಂದರೆ ನಾಚಿಕೆಗೆ. ಬಡಿಸುವವರು “ನಾಚಿಕೆ ಮಾಡಬೇಡಿ” ಎನ್ನುತ್ತಾ ಹಾಕಿಯೇ ಬಿಡುತ್ತಾರೆ. ಮೂರನೆಯ ಸಲ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದು, ಮೈಯನ್ನೂ ಸ್ವಲ್ಪ ಮುಂದೆ ಬಗ್ಗಿಸಿ ಹೇಳಿದರೆ ಮಾತ್ರ ಅದು ನಿಜವಾದ ಬೊಡ್ಚಿ. ಆಗ ಸೌಟು ಹಿಂದೆ ಹೋಗುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಗೊತ್ತಿರುತ್ತದೆ.

ನನಗೂ ಗೊತ್ತಿತ್ತು. ಮರೆತದ್ದು ಕಾಲೇಜಿಗೆ ಹೋದ ಮೇಲೆ. ಬಿ.ಎ. ಮೊದಲ ವರ್ಷದಲ್ಲಿ ಮಂಗಳೂರಿನ ಸಹಪಾಠಿಯೊಬ್ಬಳ ಮನೆಗೆ ಹೋಗಿದ್ದೆ. ಅವಳ ಅಮ್ಮ ಚಾ ತಂದರು. ನಾನು ಬೇಡ ಅಂದೆ. “ಹೌದಾ?” ಎಂದು ತಟ್ಟೆಯನ್ನು ಹಾಗೆಯೇ ಒಳಗೆ ತೆಗೆದುಕೊಂಡು ಹೋದರು. ಬೆಳಿಗ್ಗೆ ನಮ್ಮೂರು ಮೆಲ್ಕಾರಿನಿಂದ ಏನೂ ತಿನ್ನದೆ ಬಸ್ಸು ಹತ್ತಿದವಳು ನಾನು. ಆ ಚಾ ಅಡುಗೆಮನೆಯ ಬಾಗಿಲು ದಾಟುವುದನ್ನು ನೋಡುತ್ತಾ ಕುಳಿತಿದ್ದೆ. ಅಂದು ತೀರ್ಮಾನ ಮಾಡಿದೆ: ಬೇಕಾದರೆ ಬೇಕು, ಬೇಡವಾದರೆ ಬೇಡ, ಬೇರೆಯವರು ಹೇಳಿದ್ದನ್ನೂ ಹೇಳಿದ ಹಾಗೆಯೇ ತಿಳಿಯುವುದು. ಓದಿದವರ ಕ್ರಮ ಇದು ಎಂದು ನಂಬಿದೆ. ಈಗ ಮೂಡುಬಿದಿರೆಯಲ್ಲಿ ಹೈಸ್ಕೂಲಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ.

ನನ್ನನ್ನು ಓದಿಸಿದ್ದು ಅಮ್ಮನ ಬೀಡಿ. ಅಪ್ಪ ನಾನು ಆರನೆಯ ಕ್ಲಾಸಿನಲ್ಲಿರುವಾಗಲೇ ತೀರಿಕೊಂಡಿದ್ದರು. ಅಮ್ಮ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ವಾರಕ್ಕೆ ಎರಡು ದಿನ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರುತ್ತಿದ್ದಳು. ನಮ್ಮ ಕುಟುಂಬದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಪದವಿ ಪ್ರದಾನದ ದಿನ “ಬರ್ತೀಯಾ?” ಎಂದು ಅಮ್ಮನನ್ನು ಕೇಳಿದ್ದೆ. “ಬೊಡ್ಚಿ ಮಗಾ, ಅದು ಬೀಡಿ ಕೊಡುವ ದಿನ” ಅಂದಳು. ಸರಿ ಎಂದು ಒಬ್ಬಳೇ ಹೋದೆ. ಬಾಡಿಗೆಯ ಕಪ್ಪು ಗೌನು ಹಾಕಿ ತೆಗೆಸಿದ ಫೋಟೊದಲ್ಲಿ ನಾನೊಬ್ಬಳೇ ಇದ್ದೇನೆ.

ಬಾಲಿಗೆ ಹೋಗುವ ಯೋಚನೆ ನನ್ನ ಗಂಡನದ್ದು. ಅವರು ಅಳದಂಗಡಿಯವರು. ಮೂಡುಬಿದಿರೆಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾರೆ. ನೀರಿನ ವಿಷಯ ಯಾವುದೇ ಇರಲಿ, ಮುಂದೆ ಬೀಳುತ್ತಾರೆ. ಬಾಲಿಯಲ್ಲಿ ರಬ್ಬರ್ ದೋಣಿಯಲ್ಲಿ ಕುಳಿತು ಕಲ್ಲುಗಳ ನಡುವೆ ಹರಿಯುವ ನದಿಯಲ್ಲಿ ಇಳಿಯುವ ವಿಡಿಯೋ ಒಂದನ್ನು ನೋಡಿ, ಅದನ್ನು ಒಂಬತ್ತನೆಯ ಕ್ಲಾಸಿನ ಮಗಳಿಗೂ ತೋರಿಸಿ, ಇಬ್ಬರೂ ಸೇರಿ ನನ್ನನ್ನು ಒಪ್ಪಿಸಿದರು. ಬೇಸಿಗೆ ರಜೆಗೆ ಎಂದು ನಿಶ್ಚಯವಾಯಿತು. ಇಂಡೋನೇಷ್ಯವನ್ನು ನಾನು ಎಷ್ಟೋ ವರ್ಷ ನಕ್ಷೆಯ ಮೇಲೆ ಕೋಲಿನಿಂದ ತೋರಿಸಿದವಳು. ಕಾಲಿಟ್ಟು ನೋಡುವ ಆಸೆ ನನಗೂ ಇತ್ತು.

ಮೆಲ್ಕಾರಿನ ಹತ್ತಿರ ತಮ್ಮನ ಸಂಸಾರದ ಜೊತೆ ಇರುವ ಅಮ್ಮನಿಗೆ ಫೋನ್ ಮಾಡಿ, “ನೀನೂ ಬಾ” ಅಂದೆ.

“ಬೊಡ್ಚಿ ಮಗಾ. ನೀವು ಹೋಗಿ ಬನ್ನಿ.”

ಫೋನ್ ಇಟ್ಟು, ಅಮ್ಮ ಬರುವುದಿಲ್ಲವಂತೆ ಎಂದು ಗಂಡನಿಗೆ ಹೇಳಿದೆ.

“ಎಷ್ಟು ಸಲ ಕೇಳಿದೆ?”

“ಒಂದು ಸಲ.”

“ಎಂತ ಮಾರಾಯ್ತಿ, ನೀನು ಟೀಚರ್ ಅಲ್ವಾ? ಹಾಜರಿ ಕರೆಯುವಾಗ ಸಹ ಎರಡು ಸಲ ಕರೀತೀರಿ.”

ಆಮೇಲೆ ಅವರೇ ಅತ್ತೆಗೆ ಫೋನ್ ಮಾಡಿ, “ಮಾಮಿ, ಪಾಸ್‌ಪೋರ್ಟಿಗೆ ಹಾಕಿ ಆಯ್ತು, ಇನ್ನು ಎಂತ ಮಾಡ್ಲಿಕ್ಕೆ ಆಗುದಿಲ್ಲ” ಎಂದು ಸುಳ್ಳು ಹೇಳಿದರು. “ಅಯ್ಯೋ, ಯಾಕೆ ಹಾಕಿದ್ದು? ಸರಿ, ಹಾಕಿದ್ದಾದರೆ ಇನ್ನೆಂತ ಮಾಡುವುದು” ಅಂದಳಂತೆ ಅಮ್ಮ.

ಪಾಸ್‌ಪೋರ್ಟ್ ಕಚೇರಿಯಲ್ಲಿ ಅಮ್ಮನ ಬೆರಳಚ್ಚು ಬರಲಿಲ್ಲ. ಗಾಜಿನ ಮೇಲೆ ಬೆರಳು ಒತ್ತಿದರೆ ಪರದೆಯಲ್ಲಿ ಬರೀ ಬೂದು ಮಚ್ಚೆ. ಒರೆಸಿ ಒತ್ತಿದರು, ಒದ್ದೆ ಮಾಡಿ ಒತ್ತಿದರು. ಬೀಡಿ ಎಲೆ ತಿಕ್ಕಿ ತಿಕ್ಕಿ ಎರಡೂ ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಅಲ್ಲಿದ್ದ ಹುಡುಗಿ ಒಳ್ಳೆಯವಳು. “ನಿಮ್ಮ ಕಡೆಯಿಂದ ಬರುವವರಲ್ಲಿ ತುಂಬಾ ಜನರಿಗೆ ಹೀಗೆ ಆಗ್ತದೆ. ಸ್ವಲ್ಪ ದಿನ ಬಿಟ್ಟು ಬನ್ನಿ ಅಮ್ಮ” ಅಂದಳು.

ಹೊರಗೆ ಬಂದು ಅಮ್ಮ ಅಂದಳು, “ನೋಡು, ಮಿಷನ್ ಸಹ ಬೊಡ್ಚಿ ಹೇಳ್ತದೆ. ಬಿಡು.”

ನನಗೆ ಅವಳ ಧ್ವನಿಯಲ್ಲಿ ಸಮಾಧಾನ ಕೇಳಿಸಿತು. ತಪ್ಪಿಸಿಕೊಂಡೆ ಎಂಬ ಸಮಾಧಾನ. ನನ್ನ ಕೈಯಲ್ಲಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಗಂಡ ಬಿಡಲಿಲ್ಲ. ದಸರಾ ರಜೆ ಮುಗಿಯುವ ಹೊತ್ತಿಗೆ ಮತ್ತೊಮ್ಮೆ ಕರೆದುಕೊಂಡು ಹೋದರು. ಆ ಸಲ ಬೆರಳಚ್ಚು ಬಂತು. ಪೂರ್ತಿ ಅಲ್ಲ, ಸಾಕಾಗುವಷ್ಟು. ಅದು ಹೇಗೆ ಬಂತು ಎಂದು ನಾನು ಕೇಳಲಿಲ್ಲ. ಮಿಷನ್ ಬದಲಾಗಿರಬೇಕು ಎಂದುಕೊಂಡೆ.

ಏಪ್ರಿಲಿನಲ್ಲಿ ಹೊರಟೆವು. ಮಂಗಳೂರಿನಿಂದ ಬೆಂಗಳೂರು, ಅಲ್ಲಿಂದ ಬಾಲಿ. ವಿಮಾನದಲ್ಲಿ ಗಗನಸಖಿ ಊಟದ ಗಾಡಿ ತಳ್ಳಿಕೊಂಡು ಬಂದು ಕೇಳಿದಾಗ ಅಮ್ಮ ಕೈ ಆಡಿಸಿದಳು. ಗಾಡಿ ಮುಂದೆ ಹೋಯಿತು. ಎರಡನೆಯ ಸಲ ಕೇಳುವವರು ಅಲ್ಲಿ ಇರಲಿಲ್ಲ. ಮಗಳು ತನ್ನದರಲ್ಲಿ ಅರ್ಧ ಕೊಟ್ಟಳು.

ಬಾಲಿಯಲ್ಲಿ ನಾವು ಉಳಿದದ್ದು ಉಬುದ್ ಎಂಬ ಊರಿನಲ್ಲಿ. ಗದ್ದೆ, ತೆಂಗು, ಬಾಳೆ, ಸೆಕೆ. ಅಮ್ಮನಿಗೆ ಹೊಸತೆಂದು ಕಂಡದ್ದು ಒಂದೇ: ಅಲ್ಲಿ ಬೆಳಿಗ್ಗೆ ಬೆಳಿಗ್ಗೆ ಹೆಂಗಸರು ತೆಂಗಿನ ಗರಿಯಿಂದ ಹೆಣೆದ ಸಣ್ಣ ತಟ್ಟೆಯಲ್ಲಿ ಹೂವು, ಅನ್ನದ ಅಗುಳು ಹಾಕಿ, ಊದುಬತ್ತಿ ಹಚ್ಚಿ, ಅಂಗಡಿಯ ಎದುರು ನೆಲದ ಮೇಲೆಯೇ ಇಡುತ್ತಾರೆ.

“ಜನ ನಡೆಯುವಲ್ಲಿ ಇಟ್ಟರೆ ಹೇಗೆ? ಮೆಟ್ಟಿದರೆ ಎಂತ ಮಾಡುವುದು?” ಎನ್ನುತ್ತಾ ಅಮ್ಮ ಇಡೀ ಬೀದಿಯನ್ನು ಓರೆಯಾಗಿ, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ನಡೆದಳು. ಒಂದು ಅಂಗಡಿಯ ಎದುರು ನಿಂತು, ಗರಿ ಹೆಣೆಯುತ್ತಿದ್ದ ಹೆಂಗಸಿನ ಕೈಯನ್ನೇ ತುಂಬಾ ಹೊತ್ತು ನೋಡಿದಳು. “ಇವಳು ಬೀಡಿ ಕಟ್ಟಿದರೆ ಒಳ್ಳೆ ಕಟ್ಟಿಯಾಳು” ಅಂದಳು.

ಹೋಟೆಲಿನ ತಿಂಡಿಯ ಮನೆಯಲ್ಲಿ ಕಾಫಿ ಕೊಡುವವನು ಜಗ್ಗು ಹಿಡಿದುಕೊಂಡು ಪ್ರತಿ ಮೇಜಿಗೆ ಬರುತ್ತಿದ್ದ. ಮೊದಲ ದಿನ ಅಮ್ಮ ಕೈಯಾಡಿಸಿದಳು. ಅವನು ತಲೆಬಾಗಿ, ಪಕ್ಕದ ಮೇಜಿನವರಿಗೆ ಹಾಕಿದ. ಅಮ್ಮ ಆ ಜಗ್ಗನ್ನು ನೋಡಿದಳು. ಎರಡನೆಯ ದಿನವೂ ಹಾಗೆಯೇ.

“ಬೇಕಾದರೆ ಬೇಕು ಹೇಳು ಅಮ್ಮ. ಇಲ್ಲಿ ಒತ್ತಾಯ ಮಾಡುವವರು ಯಾರೂ ಇಲ್ಲ” ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ.

“ನನಗೆ ಬೊಡ್ಚಿ. ನೀನು ತಿನ್ನು.”

ಆ ದಿನವೇ ಕಣಿವೆಯ ಮೇಲೆ ಕಟ್ಟಿದ ದೊಡ್ಡ ಉಯ್ಯಾಲೆಯ ಹತ್ತಿರ ಹೋದೆವು. ಸೊಂಟಕ್ಕೆ ಪಟ್ಟಿ ಕಟ್ಟಿ, ತೆಂಗಿನ ಮರಗಳ ತಲೆಯ ಮೇಲೆ ತೂಗಿಬಿಡುತ್ತಾರೆ. ಅಮ್ಮನನ್ನು ಕೇಳಿದೆ. ಬೊಡ್ಚಿ ಅಂದಳು. “ಬ್ಯಾಗು ನಾನು ನೋಡಿಕೊಳ್ತೇನೆ, ನೀವು ಹೋಗಿ.” ನಾವು ಮೂವರೂ ಕಿರುಚಿಕೊಂಡು ತೂಗಿ ಬಂದೆವು. ಅಮ್ಮ ನಾಲ್ಕು ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಕುಳಿತವರ ಹಾಗೆ ಕುಳಿತಿದ್ದಳು. ಖುಷಿಯಲ್ಲಿದ್ದಾಳೆ ಎಂದೇ ನಾನು ತಿಳಿದೆ. ಅವಳಿಗೆ ಬೇಡದ್ದನ್ನು ನಾನು ಹೇರುತ್ತಿಲ್ಲ ಎಂಬ ಹೆಮ್ಮೆಯೂ ಸ್ವಲ್ಪ ಇತ್ತು.

ಮೂರನೆಯ ದಿನ ನದಿ. ಬೆಳಿಗ್ಗೆ ಅಮ್ಮ ಸೀರೆ ಉಟ್ಟಿರಲಿಲ್ಲ. ನನ್ನದೊಂದು ಹಳೆಯ ಚೂಡಿದಾರ ಹಾಕಿಕೊಂಡಿದ್ದಳು. ಯಾಕೆ ಎಂದರೆ, “ಸೀರೆ ಒಣಗಲಿಲ್ಲ” ಅಂದಳು. ಕೂದಲನ್ನು ಗಟ್ಟಿಯಾಗಿ ಗಂಟು ಹಾಕಿದ್ದಳು. ಕನ್ನಡಕದ ಎರಡೂ ಕಡ್ಡಿಗೆ ನೂಲು ಕಟ್ಟಿ ತಲೆಯ ಹಿಂದೆ ಬಿಗಿದಿದ್ದಳು. ಗಂಡ ನೋಡಿ, “ಮಾಮಿ, ಇದೆಂತ ಹೊಸ ಫ್ಯಾಷನ್?” ಎಂದು ಕೇಳಿದರು. “ನಿಮಗೆ ಎಲ್ಲದರಲ್ಲೂ ತಮಾಷೆ” ಅಂದಳು.

ನದಿಯ ಮೇಲಿನ ದಾರಿಯಲ್ಲಿ ಒಂದು ಚಪ್ಪರ. ಅಲ್ಲಿ ಹೆಸರು ಬರೆದು ಸಹಿ ಹಾಕಬೇಕು, ಚೀಲ ಇಡಬೇಕು, ತೇಲುವ ಜಾಕೆಟು, ಹೆಲ್ಮೆಟ್ಟು, ಹುಟ್ಟು ತೆಗೆದುಕೊಂಡು ನೂರಾರು ಮೆಟ್ಟಿಲು ಇಳಿಯಬೇಕು. ನಮ್ಮ ದೋಣಿ ನಡೆಸುವ ಗೈಡ್ ಮೂವತ್ತರ ಪ್ರಾಯದವನು. ನಾಲ್ಕು ಜಾಕೆಟು ತಂದಿಟ್ಟು, ಎಷ್ಟು ಜನ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಮ್ಮನ ವಯಸ್ಸು ಕೇಳಿದ. ಹೇಳಿದೆ. ಮೊಣಕಾಲು, ಎದೆ ಸರಿ ಇದ್ದರೆ ಬರಬಹುದು ಅಂದ.

ಅಮ್ಮನ ಕಡೆ ತಿರುಗಿದೆ. “ಬರ್ತೀಯಾ?”

“ಬೊಡ್ಚಿ. ನಾನು ಬ್ಯಾಗು ನೋಡಿಕೊಳ್ತೇನೆ.”

ಮೂರು ಜನ ಎಂದು ಗೈಡಿಗೆ ಹೇಳಿದೆ. ಅವನು ನಾಲ್ಕನೆಯ ಜಾಕೆಟನ್ನು ಬೆಂಚಿನ ಮೇಲೆ ಇಟ್ಟ. ಅಮ್ಮ ಚಪ್ಪರದಲ್ಲಿ ಕುಳಿತಿರುವುದು, ಆಮೇಲೆ ವ್ಯಾನಿನಲ್ಲಿ ಅವಳನ್ನು ನಾವು ಹತ್ತುವ ದಡಕ್ಕೆ ಕರೆತರುವುದು ಎಂದಾಯಿತು. ಗಂಡ ಏನೋ ಹೇಳಲು ಬಂದರು. “ಅವಳು ಬೊಡ್ಚಿ ಹೇಳಿದ್ದಾಳೆ. ಯಾವಾಗ ನೋಡಿದರೂ ಒತ್ತಾಯ ಮಾಡಬೇಡಿ” ಎಂದು ಅವರ ಬಾಯಿ ಮುಚ್ಚಿಸಿದೆ.

ಮೂವತ್ತು ನಲವತ್ತು ಮೆಟ್ಟಿಲು ಇಳಿದಿರಬೇಕು. ಹಿಂದೆ ಬರುತ್ತಿದ್ದ ಮಗಳು ನಿಂತುಬಿಟ್ಟಳು.

“ಮಮ್ಮಿ, ಬ್ಯಾಗು ಲಾಕರಿನಲ್ಲಿ ಇಟ್ಟಾಯ್ತಲ್ಲ. ಅಜ್ಜಿ ನೋಡಿಕೊಳ್ಳುವುದು ಎಂತದ್ದನ್ನು?”

ನಾನು ಮೇಲೆ ಚಪ್ಪರದ ಕಡೆ ನೋಡಿದೆ.

“ಬ್ಯಾಗು ನೋಡ್ಲಿಕ್ಕೆ ಯಾರಾದರೂ ಚೂಡಿದಾರ ಹಾಕ್ತಾರಾ? ಕನ್ನಡಕಕ್ಕೆ ನೂಲು ಕಟ್ತಾರಾ? ಸೀರೆ ಎಲ್ಲ ಒಣಗಿದೆ. ನಾನೇ ಮಡಚಿಟ್ಟದ್ದು.” ಎರಡು ಮೆಟ್ಟಿಲು ಇಳಿದು ನನ್ನ ಹತ್ತಿರ ಬಂದಳು. “ಇನ್ನೊಂದು ಉಂಟು. ಅಜ್ಜಿ ಯಾರಿಗೂ ಹೇಳಬೇಡ ಹೇಳಿದ್ದಾರೆ.”

“ಎಂತದ್ದು?”

“ದಸರಾ ರಜೆಯಲ್ಲಿ ನಾನು ಅಜ್ಜಿ ಮನೆಯಲ್ಲಿ ಇದ್ದೆನಲ್ಲ. ಆಗ ಹದಿನೈದು ದಿನ ಅಜ್ಜಿ ಒಂದು ಬೀಡಿ ಸಹ ಕಟ್ಟಲಿಲ್ಲ. ಪ್ರತಿದಿನ ಬೆರಳಿಗೆ ತೆಂಗಿನೆಣ್ಣೆ ಹಚ್ಚಿ, ಹಳೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಗೆರೆ ಬರ್ಲಿಕ್ಕೆ. ಬ್ರಾಂಚಿನವರು ಕೇಳಿದರೆ ಜ್ವರ ಹೇಳಿ ಅಂತ ಮಾಮ ಮಾಮಿಗೆ ಹೇಳಿದ್ದರು.”

ನನ್ನ ನೆನಪಿನಲ್ಲಿ ಅಮ್ಮ ಬೀಡಿ ಬಿಟ್ಟದ್ದು ಎರಡು ಸಲ. ಅಪ್ಪ ತೀರಿಕೊಂಡಾಗ ಒಮ್ಮೆ, ತಮ್ಮನ ಮದುವೆಗೆ ಒಮ್ಮೆ. ಆಗಲೂ ಹದಿನೈದು ದಿನ ಬಿಟ್ಟಿರಲಿಲ್ಲ.

ಗಂಡ ನನಗೆ ಬೈದಿದ್ದರೆ ಒಳ್ಳೆಯದಿತ್ತು. ತಮ್ಮ ಹುಟ್ಟನ್ನು ಕಲ್ಲಿಗೆ ಒರಗಿಸಿಟ್ಟು ಮೆಟ್ಟಿಲ ಮೇಲೆ ಕುಳಿತರು, ಅಷ್ಟೆ. ನಾನು ಹತ್ತಿದೆ. ಏದುಸಿರು ಬಂತು.

ಅಮ್ಮ ಬೆಂಚಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ನಾಲ್ಕನೆಯ ಜಾಕೆಟು. ಅದರ ಪಟ್ಟಿಯ ಕೊಂಡಿಯನ್ನು ಒತ್ತಿ ಬಿಡಿಸುವುದು, ಮತ್ತೆ ಟಿಕ್ ಎಂದು ಸೇರಿಸುವುದು, ಇದನ್ನು ಮಾಡುತ್ತಿದ್ದಳು. ನನ್ನನ್ನು ನೋಡಿ ಕೈ ಹಿಂದೆ ತೆಗೆದಳು.

“ಎಂತ ಮರೆತದ್ದು?”

“ನಿನ್ನನ್ನು. ಬಾ.”

“ಬೊಡ್ಚಿ ಮಗಾ. ನನ್ನಿಂದ ನಿಮಗೆ ತಡ ಆಗ್ತದೆ.”

ಎರಡನೆಯದ್ದು. ನಾನು ಮತ್ತೆ ಕೇಳಲಿಲ್ಲ. ಬಡಿಸುವವರು ಕೇಳುತ್ತಾ ನಿಲ್ಲುವುದಿಲ್ಲವಲ್ಲ. ಜಾಕೆಟನ್ನು ಎತ್ತಿ ಅವಳ ಹೆಗಲಿಗೆ ಹಾಕಿದೆ.

“ಅಯ್ಯೋ, ಸಾಕು, ಸಾಕು” ಎನ್ನುತ್ತಾ ಅಮ್ಮ ಒಂದೊಂದೇ ಕೈಯನ್ನು ಅದರ ಪಟ್ಟಿಯೊಳಗೆ ತೂರಿಸಿದಳು.

ಗೈಡ್ ಓಡಿ ಬಂದ. ಅವರು ಬೇಡ ಎಂದರಲ್ಲ ಎಂದು ಕೇಳಿದ. ಇದಕ್ಕೆ ಇಂಗ್ಲಿಷಿನಲ್ಲಿ ಹೇಗೆ ಉತ್ತರ ಕೊಡುವುದು? ಹೌದು, ಬೇಡ ಅಂದಳು, ಆದರೆ ಅದು ಬೇಡ ಅಲ್ಲ, ಅಂದೆ. ನನ್ನ ಪದವಿ ಅಲ್ಲಿಗೆ ನಿಂತಿತು. ಅವನಿಗೆ ಅದು ಸಾಕಾಗಲಿಲ್ಲ. ಒಳ್ಳೆಯದೇ, ಅವನ ಕೆಲಸ ಅದು. ನೇರ ಅಮ್ಮನ ಎದುರು ಬಗ್ಗಿ, ಹೆಬ್ಬೆರಳು ಎತ್ತಿ ತೋರಿಸಿ, ಹೋಗುವುದಾ ಎಂದು ಸನ್ನೆ ಮಾಡಿದ.

“ಬೊಡ್ಚಿ” ಅಂದಳು ಅಮ್ಮ, ಎದೆಯ ಕೊಂಡಿಯನ್ನು ಟಿಕ್ ಎಂದು ಸೇರಿಸುತ್ತಾ. ಆಮೇಲೆ ಹೆಲ್ಮೆಟ್ಟಿಗೆ ಕೈ ಚಾಚಿದಳು.

ಗೈಡ್ ಅಮ್ಮನನ್ನು ನೋಡಿದ, ನನ್ನನ್ನು ನೋಡಿದ, ಹೆಲ್ಮೆಟ್ಟು, ಹುಟ್ಟು ಎರಡೂ ಕೊಟ್ಟ.

ಮೆಟ್ಟಿಲು ಇಳಿಯಲು ಅಮ್ಮ ತೆಗೆದುಕೊಂಡ ಹೊತ್ತು ನನಗಿಂತ ಕಡಿಮೆ. ಕೆಳಗೆ ನದಿಯ ಎದುರು ನಿಂತು ಆಚೆ ಈಚೆ ನೋಡಿದಳು.

“ಇದಾ ನದಿ? ನಮ್ಮಲ್ಲಿ ಹರಿಯುವ ತೋಡು ಮಳೆಗಾಲದಲ್ಲಿ ಇದಕ್ಕಿಂತ ದೊಡ್ಡ ಉಂಟು.”

ಅದು ಬರೀ ಮಾತಲ್ಲ. ಮದುವೆಗೆ ಮೊದಲು ಅಮ್ಮ ಕಟ್ಟಿದ ಬೀಡಿಯನ್ನು ತಲೆಯ ಮೇಲೆ ಇಟ್ಟುಕೊಂಡು, ನೇತ್ರಾವತಿಯನ್ನು ಕಡವಿನ ದೋಣಿಯಲ್ಲಿ ದಾಟಿ ಆಚೆ ದಡದ ಬ್ರಾಂಚಿಗೆ ಕೊಡುತ್ತಿದ್ದಳು. ಕೆಂಪು ನೀರು ತುಂಬಿ ಹರಿಯುವಾಗಲೂ ಬೀಡಿ ಒದ್ದೆಯಾಗದ ಹಾಗೆ ದಾಟಬೇಕಿತ್ತು. ಇದೂ ನನಗೆ ಗೊತ್ತಿದ್ದ ವಿಷಯವೇ. ದೋಣಿಗೂ ಅಮ್ಮನಿಗೂ ಸಂಬಂಧ ಉಂಟು ಎಂದು ನಾನು ಸೇರಿಸಿ ನೋಡಿರಲಿಲ್ಲ.

ದೋಣಿಯಲ್ಲಿ ಗೈಡ್ ಹಿಂದೆ, ಮುಂದೆ ಗಂಡ ಮತ್ತು ಮಗಳು, ನಡುವೆ ನಾನು ಮತ್ತು ಅಮ್ಮ. ಕಲ್ಲು ಬರುವಾಗ ಅವನು “ಬೂಮ್ ಬೂಮ್” ಎಂದು ಕೂಗುತ್ತಿದ್ದ. ಹಾಗೆಂದರೆ ಹಗ್ಗ ಹಿಡಿದು ಒಳಗೆ ಬಗ್ಗಬೇಕು. ದೋಣಿ ಕಲ್ಲಿಗೆ ಬಡಿದು, ಒಂದು ಸುತ್ತು ತಿರುಗಿ, ಹಿಂದು ಮುಂದಾಗಿ ಕೆಳಗೆ ಜಾರುತ್ತಿತ್ತು. ನಾನು ಕಣ್ಣು ಮುಚ್ಚಿ ಕಿರುಚಿದೆ. ಅಮ್ಮ ಕಿರುಚಲಿಲ್ಲ. ನೀರನ್ನು ನೋಡುತ್ತಿದ್ದಳು. ಎಲ್ಲಿ ಸುಳಿ, ಎಲ್ಲಿ ಕಲ್ಲು ಎಂದು ಗೈಡ್ ಕೂಗುವುದಕ್ಕಿಂತ ಸ್ವಲ್ಪ ಮೊದಲೇ ಅವಳು ಬಗ್ಗುವುದನ್ನು ಮಗಳು ಕಂಡುಹಿಡಿದಳು. ಆಮೇಲೆ ನಾವು ಅಮ್ಮನನ್ನು ನೋಡಿ ಬಗ್ಗತೊಡಗಿದೆವು.

ನನ್ನ ಗಂಡ ನೋಡುತ್ತಿದ್ದದ್ದು ಬೇರೆ. ಮೇಲಿನಿಂದ ಬೀಳುವ ಜಲಪಾತವೊಂದನ್ನು ತೋರಿಸಿ, “ಇದಕ್ಕೆ ಎಷ್ಟು ಎಚ್‌ಪಿ ಪಂಪು ಬೇಕಾದೀತು ಗೊತ್ತುಂಟಾ?” ಎಂದು ಹಿಂದೆ ತಿರುಗಿದರು. ಅಷ್ಟರಲ್ಲಿ ಬೂಮ್ ಬೂಮ್ ಆಯಿತು. ತಿರುಗಿದವರು ಹಾಗೆಯೇ ನೀರಿಗೆ ಹೋದರು. ಸೊಂಟದ ಮಟ್ಟದ ನೀರು, ಆದರೆ ಸೆಳೆತ ಜೋರು. ನಿಲ್ಲಲು ಆಗದೆ, ಮುಳುಗಲೂ ಆಗದೆ, ದೋಣಿಯ ಪಕ್ಕ ತೇಲುತ್ತಾ ಬಂದರು. ಅಮ್ಮ ತನ್ನ ಹುಟ್ಟಿನ ಹಿಡಿಯನ್ನು ಅವರ ಮುಖದ ಎದುರು ಚಾಚಿದಳು.

“ಬೊಡ್ಚಿ ಮಾಮಿ, ಬೊಡ್ಚಿ, ನಾನೇ ಬರ್ತೇನೆ!”

“ಹಿಡಿದುಕೊಳ್ಳಿ. ನಾಚಿಕೆ ಮಾಡಬೇಡಿ.”

ಹಿಡಿದುಕೊಂಡರು. ಗೈಡ್ ಜಾಕೆಟಿನ ಹೆಗಲು ಹಿಡಿದು ಒಳಗೆ ಎಳೆದುಹಾಕಿದ. ಮಗಳು ನಕ್ಕು ನಕ್ಕು ಹುಟ್ಟು ಬಿಟ್ಟಳು. ಅದನ್ನು ಮತ್ತೆ ಹಿಡಿಯಲು ಮುಂದಿನ ತಿರುವಿನವರೆಗೆ ಹೋಗಬೇಕಾಯಿತು.

ದಡ ಹತ್ತಿ, ಬಟ್ಟೆ ಬದಲಾಯಿಸಿ, ವ್ಯಾನಿನಲ್ಲಿ ಕುಳಿತೆವು. ಗಂಡ ಮತ್ತು ಮಗಳು ಹಿಂದಿನ ಸೀಟಿನಲ್ಲಿ, ಬಿದ್ದದ್ದು ಯಾರ ತಪ್ಪು ಎಂದು ಜಗಳ ಮಾಡುತ್ತಿದ್ದರು. ಅಮ್ಮ ನನ್ನ ಪಕ್ಕದಲ್ಲಿ ಒದ್ದೆ ಕೂದಲು ಬಿಚ್ಚಿ ಒರೆಸುತ್ತಿದ್ದಳು. ನೀರಿನಲ್ಲಿ ನೆನೆದು ಅವಳ ಬೆರಳುಗಳು ಬಿಳಿಚಿದ್ದವು. ನನಗೆ ಕೇಳದೆ ಇರಲು ಆಗಲಿಲ್ಲ.

“ಅಮ್ಮ, ನನಗೆ ಡಿಗ್ರಿ ಕೊಡುವ ದಿನ ನೀನು ಬೊಡ್ಚಿ ಹೇಳಿದ್ದೆಯಲ್ಲ. ಬರುವ ಮನಸ್ಸಿತ್ತಾ?”

ಅಮ್ಮ ಕೂದಲು ಒರೆಸುವುದನ್ನು ನಿಲ್ಲಿಸಲಿಲ್ಲ.

“ಬೀಡಿ ಹಿಂದಿನ ದಿನವೇ ಕೊಟ್ಟಾಗಿತ್ತು. ಪೇಟೆಯಲ್ಲಿ ಸೀರೆಗೆ ಇಸ್ತ್ರಿ ಸಹ ಹಾಕಿಸಿ ಇಟ್ಟಿದ್ದೆ.”

“ಮತ್ತೆ ಹೇಳಬಾರದಿತ್ತಾ?”

“ಹೇಗೆ ಹೇಳುವುದು? ನೀನು ಒಂದು ಸಲ ಕೇಳಿ ಹೊರಟೆ. ಅಲ್ಲಿ ಎಲ್ಲ ಓದಿದವರು ಬರ್ತಾರೆ, ಇವಳಿಗೆ ನಾನು ಬರುವುದು ಬೇಡ ಇರಬೇಕು ಅಂದುಕೊಂಡೆ.” ಆಮೇಲೆ ಅಂದಳು, “ಬಿಡು, ಆ ಸೀರೆ ಮತ್ತೆ ನಿನ್ನ ಮದುವೆಗೆ ಉಟ್ಟೆನಲ್ಲ.”

ಹಾಗಲ್ಲ ಅಮ್ಮ ಎಂದು ಹೇಳಿದೆ. ಹೇಳಿದ್ದು ಎಷ್ಟು ಸಲವೋ. ಅವಳು “ಆಯ್ತು ಮಾರಾಯ್ತಿ, ಕೇಳಿಸಿತು” ಅಂದಳು. ಆ ಫೋಟೊ ನಮ್ಮ ಮನೆಯ ಹಾಲ್‌ನ ಗೋಡೆಯಲ್ಲಿ ಹದಿನೆಂಟು ವರ್ಷದಿಂದ ಉಂಟು. ಬಂದವರಿಗೆಲ್ಲ ನಾನೇ ತೋರಿಸಿದ್ದೇನೆ. ಅದರಲ್ಲಿ ನನ್ನ ಪಕ್ಕ ಖಾಲಿ ಇರುವ ಜಾಗ ಯಾಕೆ ಖಾಲಿ ಎಂದು ಆ ವ್ಯಾನಿನಲ್ಲಿ ತಿಳಿಯಿತು. ಅದನ್ನು ಈಗ ಸರಿ ಮಾಡಲು ಬರುವುದಿಲ್ಲ. ಅದು ಹಾಗೆಯೇ ಇರುತ್ತದೆ.

ಮರುದಿನ ಬೆಳಿಗ್ಗೆ ತಿಂಡಿಗೆ ಕುಳಿತಾಗ ಕಾಫಿಯವನು ಬಂದ. ಅಮ್ಮ ಕೈಯಾಡಿಸಿದಳು. ಅವನು ತಲೆಬಾಗಿ ಹೊರಟ. ನಾನು ಎದ್ದು ಅವನ ಕೈಯಿಂದ ಜಗ್ಗು ಕೇಳಿ ತೆಗೆದುಕೊಂಡೆ. ಪಾಪ, ಅವನು ಗಾಬರಿಯಾದ. ಅಮ್ಮನ ಕಪ್ಪಿಗೆ ಬಗ್ಗಿಸಿದೆ.

“ಬೊಡ್ಚಿ, ಬೊಡ್ಚಿ” ಎನ್ನುತ್ತಾ ಅಮ್ಮ ಕಪ್ಪನ್ನು ನನ್ನ ಕಡೆ ಸರಿಸಿದಳು. ಕುಡಿದಳು. ಮತ್ತೆ ಬಗ್ಗಿಸಿದೆ. ಅರ್ಧ ತುಂಬುವಾಗ ಎರಡೂ ಕೈಯನ್ನು ಕಪ್ಪಿನ ಮೇಲೆ ಅಡ್ಡ ಹಿಡಿದು, ಮೈಯನ್ನು ಮುಂದೆ ಬಗ್ಗಿಸಿದಳು.

“ಬೊಡ್ಚಿ.”

ಜಗ್ಗನ್ನು ಕೆಳಗಿಟ್ಟೆ.